ವಿಶೇಷ ಅಗತ್ಯದ ಮಕ್ಕಳಿಗೆಂದು ಶಾಲೆಗೆ ಹಣ ಬಂದರೆ ಅದನ್ನು ಯಾವುದಕ್ಕೆ ಹಾಕಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ನೀವು ಒಂದು ಸಣ್ಣ ಶಾಲೆಯ ಆಡಳಿತ ಸಮಿತಿಯಲ್ಲಿದ್ದೀರಿ. ಶಾಲೆಯಲ್ಲಿ ವಿಶೇಷ ಅಗತ್ಯವಿರುವ ಕೆಲವು ಮಕ್ಕಳಿದ್ದಾರೆ. ಹಳೆಯ ವಿದ್ಯಾರ್ಥಿಯೊಬ್ಬರು ಆ ಮಕ್ಕಳಿಗೆಂದೇ ಹಣ ಕೊಡಲು ಮುಂದೆ ಬಂದಿದ್ದಾರೆ. ಸಮಿತಿಯಲ್ಲಿ ಮೂರು ಮಾತು ಎದ್ದಿದೆ. ಒಬ್ಬರು ರಿಸೋರ್ಸ್ ರೂಂ, ಅಂದರೆ ಆ ಮಕ್ಕಳಿಗೆ ಬೇರೆಯಾಗಿ ಕಲಿಸುವ ಕೊಠಡಿ, ಕಟ್ಟಿಸೋಣ ಅಂತಾರೆ. ಇನ್ನೊಬ್ಬರು ಅಂಗವೈಕಲ್ಯದ ಸರ್ಟಿಫಿಕೇಟ್ ಇರುವ ಪ್ರತಿ ಮಗುವಿಗೂ ಇಷ್ಟಿಷ್ಟು ಅಂತ ಹಂಚೋಣ ಅಂತಾರೆ. ಮತ್ತೊಬ್ಬರಿಗೆ ಒಬ್ಬೊಬ್ಬ ಮಗುವಿನ ಪಕ್ಕ ಒಬ್ಬೊಬ್ಬ ಸಹಾಯಕರು ಬೇಕು.

ನಾನು ಸ್ಪೆಷಲ್ ಎಜುಕೇಟರ್, ಅಂದರೆ ಇಂಥ ಮಕ್ಕಳಿಗೆ ಕಲಿಸುವ ವಿಶೇಷ ಶಿಕ್ಷಕರಲ್ಲಿ ಒಬ್ಬರು. ಹಾಗಾಗಿ ಮುಂದೆ ಹೇಳುವುದರಲ್ಲಿ ನನ್ನ ಕಸುಬಿನ ಪಕ್ಷಪಾತ ಇದೆ ಅಂತ ನಿಮಗೆ ಅನಿಸಬಹುದು, ಅನಿಸಲಿ. ಆ ಹಣದ ದೊಡ್ಡ ಪಾಲು ತರಬೇತಿ ಪಡೆದ ಒಬ್ಬ ವಿಶೇಷ ಶಿಕ್ಷಕರ ಸಂಬಳಕ್ಕೆ ಹೋಗಬೇಕು. ಆ ಶಿಕ್ಷಕರು ಇಡೀ ತರಗತಿಗೆ ಸೇರಿದವರಾಗಿರಬೇಕು. ಮಿಕ್ಕಿದ್ದೆಲ್ಲ ಆಮೇಲೆ.

ಕೊಠಡಿಯ ವಿಚಾರ ಬೇಗ ಮುಗಿಸುತ್ತೇನೆ. ಕೊಠಡಿ ಕಣ್ಣಿಗೆ ಕಾಣುತ್ತದೆ, ಗೋಡೆಯ ಮೇಲೆ ದಾನಿಯ ಹೆಸರು ಹಾಕಬಹುದು, ಉದ್ಘಾಟನೆ ಮಾಡಬಹುದು. ಆದರೆ ಅದರೊಳಗೆ ದಿನಾ ಕೂತು ಕಲಿಸುವವರು ಇಲ್ಲದಿದ್ದರೆ ಅಲ್ಲಿಗೆ ಮೊದಲು ಆಟದ ಸಾಮಾನು ಬರುತ್ತದೆ, ಆಮೇಲೆ ಮುರಿದ ಬೆಂಚು. ನಾನು ನೋಡಿದ ಎಷ್ಟೋ ರಿಸೋರ್ಸ್ ರೂಂಗಳ ಕಥೆ ಇದೇ. ಶಿಕ್ಷಕರು ಸಿಕ್ಕಿದ ಮೇಲೆ ಅವರೇ ಹೇಳುತ್ತಾರೆ ಕೊಠಡಿ ಬೇಕೋ ಬೇಡವೋ ಅಂತ. ಎಷ್ಟೋ ಸಲ ಲೈಬ್ರರಿಯ ಒಂದು ಮೂಲೆ ಸಾಕಾಗುತ್ತದೆ. ರ‍್ಯಾಂಪ್ ಮತ್ತು ಗಾಲಿಕುರ್ಚಿ ಹೋಗುವ ಶೌಚಾಲಯ ಮಾತ್ರ ಬೇರೆ ವಿಷಯ. ಅವು ಇಲ್ಲದಿದ್ದರೆ ಕಟ್ಟಿಸಿ, ಚರ್ಚೆಯೇ ಬೇಡ.

ಸಹಾಯಕರ ವಿಚಾರ ಸ್ವಲ್ಪ ಸೂಕ್ಷ್ಮ. ತಂದೆತಾಯಿ ಹೆಚ್ಚಾಗಿ ಕೇಳುವುದು ಇದನ್ನೇ. ಮಗುವಿನ ಪಕ್ಕ ಒಬ್ಬರು ಇದ್ದರೆ ಧೈರ್ಯ, ಅಲ್ವಾ? ಆದರೆ ಇಂಗ್ಲೆಂಡಿನಲ್ಲಿ 2003ರಿಂದ 2009ರವರೆಗೆ ಈ ಬಗ್ಗೆ ಒಂದು ದೊಡ್ಡ ಅಧ್ಯಯನ ನಡೆಯಿತು. ಯಾವ ಮಕ್ಕಳಿಗೆ ಸಹಾಯಕರ ಆಸರೆ ಜಾಸ್ತಿ ಸಿಕ್ಕಿತ್ತೋ ಆ ಮಕ್ಕಳ ಕಲಿಕೆಯ ಪ್ರಗತಿ, ಅವರಂಥದೇ ಬೇರೆ ಮಕ್ಕಳಿಗಿಂತ ಕಡಿಮೆ ಇತ್ತು. ಮಕ್ಕಳ ತೊಂದರೆಯ ಮಟ್ಟವನ್ನು ಲೆಕ್ಕಕ್ಕೆ ತಗೊಂಡ ಮೇಲೂ ಫಲಿತಾಂಶ ಹಾಗೇ ಉಳಿಯಿತು. ಇದು ಸಹಾಯಕರ ತಪ್ಪಲ್ಲ. ಅವರಿಗೆ ತರಬೇತಿ ಇರಲಿಲ್ಲ. ಪಾಠ ಮಾಡುವ ಶಿಕ್ಷಕರ ಜೊತೆ ಕೂತು ಮಾತಾಡಲು ಸಮಯವೂ ಇರಲಿಲ್ಲ. ಅವರ ಗಮನವೆಲ್ಲ ಕೊಟ್ಟ ಕೆಲಸ ಹೇಗಾದರೂ ಮುಗಿಸುವುದರ ಮೇಲೆ ಇರುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಆ ಮಗುವಿಗೆ ಒಬ್ಬರು ಇದ್ದಾರಲ್ಲ ಅಂತ ತರಗತಿಯ ಶಿಕ್ಷಕರು ಅದರ ಜೊತೆ ಮಾತಾಡುವುದೇ ಕಡಿಮೆಯಾಯಿತು.

ನಾನು ಕೆಲಸ ಮಾಡಿದ ತರಗತಿಗಳಲ್ಲೂ ಇದನ್ನು ನೋಡಿದ್ದೇನೆ. ಶಿಕ್ಷಕರು ಪ್ರಶ್ನೆ ಕೇಳುತ್ತಾರೆ, ಮಗು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಕೂತವರು ಉತ್ತರ ಪಿಸುಗುಡುತ್ತಾರೆ. ನೋಟ್‌ಬುಕ್ ನೀಟಾಗಿ ತುಂಬಿರುತ್ತದೆ. ಮಗುವಿಗೆ ಮಾತ್ರ ಏನೂ ಬಂದಿರುವುದಿಲ್ಲ. ಬಿಡುವಿನ ಹೊತ್ತಿನಲ್ಲಿ ಬೇರೆ ಮಕ್ಕಳು ಹತ್ತಿರ ಬರುವುದಿಲ್ಲ, ಯಾಕಂದರೆ ಪಕ್ಕದಲ್ಲಿ ಯಾವಾಗಲೂ ಒಬ್ಬ ದೊಡ್ಡವರು.

ಹಾಗಂತ ಸಹಾಯಕರೇ ಬೇಡ ಅಂತಲ್ಲ. ಊಟ, ಶೌಚ, ಎತ್ತಿ ಕೂರಿಸುವುದು, ಫಿಟ್ಸ್ ಬಂದಾಗ ನೋಡಿಕೊಳ್ಳುವುದು, ಇವಕ್ಕೆ ಮನುಷ್ಯರು ಬೇಕೇ ಬೇಕು. ತರಗತಿಯಿಂದ ಓಡಿಹೋಗುವ ಮಗುವಿಗೂ ಮೊದಮೊದಲು ಒಬ್ಬರು ಬೇಕು. ಅಂಥವರನ್ನು ಇಟ್ಟುಕೊಂಡರೆ ಯಾವ ಕೆಲಸಕ್ಕೆ, ಎಷ್ಟು ಹೊತ್ತು, ಯಾವಾಗ ಹಿಂದೆ ಸರಿಯಬೇಕು ಎಂಬುದನ್ನು ಬರೆದಿಡಿ. ಇಟಲಿಯಲ್ಲಿ 1977ರ ಕಾನೂನಿನಿಂದಲೇ ಅಂಗವಿಕಲ ಮಕ್ಕಳು ಸಾಮಾನ್ಯ ತರಗತಿಗಳಲ್ಲಿ ಓದುತ್ತಿದ್ದಾರೆ. ಅಲ್ಲಿ ಆಸರೆಗೆ ಬರುವ ಶಿಕ್ಷಕರನ್ನು ಕಾನೂನಿನ ಪ್ರಕಾರ ತರಗತಿಗೇ ನೇಮಿಸುತ್ತಾರೆ. ದಿನನಿತ್ಯದಲ್ಲಿ ಅಲ್ಲೂ ಅವರನ್ನು ‘ಆ ಮಗುವಿನ ಟೀಚರ್’ ಅಂತ ಬದಿಗೆ ತಳ್ಳುವುದು ಉಂಟು. ಆದರೂ ನಿಯಮ ಬರೆದವರ ಯೋಚನೆ ಸರಿಯಾಗಿದೆ ಅಂತ ನನಗೆ ಅನಿಸುತ್ತದೆ.

ಈಗ ತಲೆಗೆ ಇಷ್ಟು ಅಂತ ಹಂಚುವ ವಿಚಾರ. ಸಮಿತಿಯಲ್ಲಿ ಇದೇ ಗೆಲ್ಲುತ್ತದೆ ಅನ್ನುವುದು ನನ್ನ ಊಹೆ, ಯಾಕಂದರೆ ಲೆಕ್ಕ ಸುಲಭ. ದೇಶದೇಶಗಳೇ ಇದನ್ನು ಮಾಡಿ ನೋಡಿವೆ.

ನೆದರ್ಲೆಂಡ್ಸ್ 2003ರಲ್ಲಿ ಮಗುವಿನ ಜೊತೆಗೇ ಹಣ ಹೋಗುವ ಪದ್ಧತಿ ತಂದಿತು. ಜನ ಅದನ್ನು ಬೆನ್ನುಚೀಲ ಅಂತಲೇ ಕರೆಯುತ್ತಿದ್ದರು. ರೋಗನಿರ್ಣಯದ ಕಾಗದ ಇದ್ದರೆ ಹಣ, ಇಲ್ಲದಿದ್ದರೆ ಇಲ್ಲ. ಏನಾಯಿತು? ಕಾಗದ ತಂದ ಮಕ್ಕಳ ಸಂಖ್ಯೆ ವರ್ಷವರ್ಷ ಏರುತ್ತಾ ಹೋಯಿತು. ಖರ್ಚಿಗೆ ಕಡಿವಾಣ ಇಲ್ಲದಂತಾಯಿತು. 2014ರಲ್ಲಿ ಆ ಪದ್ಧತಿ ಕೈಬಿಟ್ಟು, ಒಂದು ಪ್ರದೇಶದ ಶಾಲೆಗಳ ಒಕ್ಕೂಟಕ್ಕೆ ಒಟ್ಟು ಹಣ ಕೊಟ್ಟು ನೀವೇ ಹಂಚಿಕೊಳ್ಳಿ ಅಂದರು.

ಇಂಗ್ಲೆಂಡಿನದು ಇನ್ನೊಂದು ಬಗೆ. ಅಲ್ಲಿ ಒಂದು ಮಗುವಿಗೆ ವರ್ಷಕ್ಕೆ ಮೊದಲ 6,000 ಪೌಂಡ್‌ವರೆಗಿನ ಹೆಚ್ಚುವರಿ ಖರ್ಚನ್ನು ಶಾಲೆ ತನ್ನ ಬಜೆಟ್‌ನಿಂದಲೇ ಹೊಂದಿಸಬೇಕು. ಅದಕ್ಕಿಂತ ಜಾಸ್ತಿ ಬೇಕಾದರೆ ಸ್ಥಳೀಯ ಆಡಳಿತದ ಕಡೆಗೆ ನೋಡಬೇಕು. ಕಾನೂನಿನ ಬಲ ಇರುವ ಯೋಜನಾಪತ್ರ ಕೈಯಲ್ಲಿದ್ದರೆ ಅದರಲ್ಲಿ ಬರೆದ ನೆರವನ್ನು ಯಾರೂ ತಪ್ಪಿಸುವಂತಿಲ್ಲ. 2014ರ ಕಾನೂನಿನಲ್ಲಿ ಈ ಯೋಜನಾಪತ್ರ ಬಂತು. 2015ರಲ್ಲಿ ಇಂಥ ಪತ್ರ ಅಥವಾ ಅದಕ್ಕೂ ಹಿಂದಿನ ಹಳೆಯ ಬಗೆಯ ಪತ್ರ ಇದ್ದವರು ಸುಮಾರು 2,40,000. 2024ರ ಜನವರಿಗೆ ಸುಮಾರು 5,76,000. ಆಡಳಿತಗಳು ಸಾಲದಲ್ಲಿ ಬಿದ್ದಿವೆ. ತಂದೆತಾಯಿಯನ್ನು ಇದಕ್ಕೆ ದೂರುವುದು ಸುಲಭ. ಆದರೆ ಪತ್ರ ಇಲ್ಲದೆ ನೆರವು ಸಿಗುವುದಿಲ್ಲ ಅಂತಾದರೆ ಯಾರೇ ಆಗಲಿ ಪತ್ರಕ್ಕೇ ಓಡುತ್ತಾರೆ. ನಾನಾದರೂ ಓಡುತ್ತಿದ್ದೆ.

ಹಾಗಾದರೆ ತಲೆ ಎಣಿಸುವುದನ್ನೇ ಬಿಟ್ಟುಬಿಡೋಣ ಅಂದರೆ ಅದರಲ್ಲೂ ಅಪಾಯ ಇದೆ. ಅಮೆರಿಕದ ಟೆಕ್ಸಾಸ್ ರಾಜ್ಯದ ಶಿಕ್ಷಣ ಇಲಾಖೆ 2004ರಲ್ಲಿ ಒಂದು ಅಂಕಿ ಇಟ್ಟುಕೊಂಡಿತು. ಒಟ್ಟು ವಿದ್ಯಾರ್ಥಿಗಳಲ್ಲಿ ಶೇಕಡಾ 8.5ಕ್ಕಿಂತ ಜಾಸ್ತಿ ಮಕ್ಕಳು ವಿಶೇಷ ಶಿಕ್ಷಣದಲ್ಲಿದ್ದರೆ ಆ ಜಿಲ್ಲೆಗೆ ಕಡಿಮೆ ಅಂಕ. ರಾಜ್ಯದ ಲೆಕ್ಕ ನಿಧಾನವಾಗಿ ಅದೇ 8.5ರ ಹತ್ತಿರಕ್ಕೆ ಇಳಿಯಿತು! ಮಕ್ಕಳ ತೊಂದರೆ ಕಡಿಮೆಯಾಗಿರಲಿಲ್ಲ. ಶಾಲೆಗಳು ಅವರನ್ನು ಪರೀಕ್ಷಿಸುವುದನ್ನೇ ಮುಂದೂಡುತ್ತಿದ್ದವು. 2016ರಲ್ಲಿ ಪತ್ರಿಕೆಯೊಂದು ಇದನ್ನು ಬಯಲಿಗೆಳೆಯಿತು. 2018ರಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಇದು ಕಾನೂನಿನ ಉಲ್ಲಂಘನೆ ಅಂತ ಹೇಳಿತು.

ನಿಮ್ಮ ಶಾಲೆಯ ಮಟ್ಟದಲ್ಲೂ ಇವೆರಡೂ ಆಗಬಹುದು. ಸರ್ಟಿಫಿಕೇಟ್‌ಗೆ ಹಣ ಕಟ್ಟಿಹಾಕಿದರೆ, ಸರ್ಟಿಫಿಕೇಟ್ ಮಾಡಿಸುವ ಶಕ್ತಿ ಇರುವ ಮನೆಯ ಮಕ್ಕಳಿಗೆ ನೆರವು ಸಿಗುತ್ತದೆ. ಎಂಟನೇ ತರಗತಿಗೆ ಬಂದರೂ ಒಂದು ಪ್ಯಾರಾ ಓದಲಾಗದ, ಸೋಮಾರಿ ಅಂತ ಬೈಸಿಕೊಳ್ಳುವ ಹುಡುಗನಿಗೆ ಏನೂ ಇಲ್ಲ. ನಿಮ್ಮ ಪಟ್ಟಿಯಲ್ಲಿ ಅವನ ಹೆಸರೇ ಇರುವುದಿಲ್ಲ. ಬ್ರಿಟನ್ನಿನಲ್ಲಿ 1978ರಷ್ಟು ಹಿಂದೆಯೇ ಸರ್ಕಾರಿ ಸಮಿತಿಯೊಂದು ಹೇಳಿತ್ತು: ಓದುವ ವರ್ಷಗಳಲ್ಲಿ ಯಾವಾಗಲಾದರೂ ಒಮ್ಮೆ ವಿಶೇಷ ನೆರವು ಬೇಕಾಗುವ ಮಕ್ಕಳು ಐದರಲ್ಲಿ ಒಬ್ಬರು. ಅಷ್ಟೂ ಮಕ್ಕಳಿಗೆ ಕಾಗದ ಮಾಡಿಸಲು ಆಗುವುದೂ ಇಲ್ಲ, ಮಾಡಿಸಬೇಕಾಗಿಯೂ ಇಲ್ಲ.

ನನಗೆ ಇಷ್ಟವಾದ ದಾರಿ ಫಿನ್ಲೆಂಡ್ 2011ರಲ್ಲಿ ತಂದದ್ದು. ಮೂರು ಹಂತ. ಮೊದಲು ಎಲ್ಲರಿಗೂ ಸಿಗುವ ಸಾಮಾನ್ಯ ನೆರವು. ಅದು ಸಾಲದಿದ್ದರೆ ಹೆಚ್ಚಿನ ನೆರವು. ಅದೂ ಸಾಲದಿದ್ದರೆ ವಿಶೇಷ ನೆರವು. ಡಾಕ್ಟರ ಚೀಟಿಗಾಗಿ ಕಾಯದೆ ಶುರು ಮಾಡಬಹುದಿತ್ತು. 2025ರಲ್ಲಿ ಅಲ್ಲಿ ಈ ಮೂರು ಹಂತಗಳ ಪದ್ಧತಿ ಬದಲಾಯಿತು, ಆದರೂ ಯೋಚನೆ ನನಗೆ ಇಷ್ಟ. ನಿಮ್ಮ ಹಣದಲ್ಲೂ ಹೀಗೇ ಮಾಡಿ. ಬಹುಪಾಲು ಶಿಕ್ಷಕರ ಸಮಯಕ್ಕೆ ಹೋಗಲಿ, ಅದರ ಲಾಭ ಕಾಗದ ಇಲ್ಲದವರಿಗೂ ಸಿಗುತ್ತದೆ. ಒಂದು ಸಣ್ಣ ಪಾಲು ಬೇರೆ ಇಡಿ, ಬಹಳ ಖರ್ಚು ಬೇಕಾಗುವ ಒಂದೆರಡು ಮಕ್ಕಳಿಗೆ ಅಂತ. ಆ ಪಾಲಿಗೆ ಮಾತ್ರ ಮೌಲ್ಯಮಾಪನದ ವರದಿ ಕೇಳಿ.

ಆ ಶಿಕ್ಷಕರು ಬಂದ ಮೇಲೆ ಏನು ಮಾಡಬೇಕು? ಮೊದಲು ಯಾವುದನ್ನೂ ಕೊಳ್ಳಬಾರದು. ಒಂದೊಂದು ಮಗುವಿನ ಒಂದು ದಿನವನ್ನು ಬರೆದುಕೊಳ್ಳಬೇಕು. ಗೇಟಿನಿಂದ ತರಗತಿಗೆ ಹೇಗೆ ಬರುತ್ತದೆ? ಬೋರ್ಡು ಕಾಣುತ್ತದಾ? ಎಷ್ಟು ನಿಮಿಷ ಕೂರುತ್ತದೆ? ಎಲ್ಲಿ ಎಡವುತ್ತದೆ? ಯಾರ ಜೊತೆ ಆಡುತ್ತದೆ? ಇದನ್ನು ಬರೆದರೆ ವೈಯಕ್ತಿಕ ಕಲಿಕಾ ಯೋಜನೆ ಅರ್ಧ ಆದಂತೆಯೇ. ಆ ಯೋಜನೆಯಲ್ಲಿ ‘ಓದು ಸುಧಾರಿಸುವುದು’ ಅಂತ ಸುಮ್ನೆ ಬರೆದರೆ ಪ್ರಯೋಜನವಿಲ್ಲ. ‘ಡಿಸೆಂಬರ್ ಹೊತ್ತಿಗೆ ಒತ್ತಕ್ಷರ ಇಲ್ಲದ ಮೂರಕ್ಷರದ ಪದಗಳನ್ನು ತಾನಾಗಿ ಓದುವುದು’ ಅಂತ ಬರೆಯಬೇಕು. ಆಗ ಆಯಿತೋ ಇಲ್ಲವೋ ಅಂತ ತಂದೆತಾಯಿಗೂ ಗೊತ್ತಾಗುತ್ತದೆ.

ಹೀಗೆ ಬರೆದಾಗ ಬೇಕಾದ ವಸ್ತುಗಳ ಪಟ್ಟಿ ಆಶ್ಚರ್ಯವಾಗುವಷ್ಟು ಚಿಕ್ಕದಾಗುತ್ತದೆ. ಒಬ್ಬರಿಗೆ ಮುಂದಿನ ಬೆಂಚು ಸಾಕು. ಒಬ್ಬರಿಗೆ ಪ್ರಶ್ನೆಪತ್ರಿಕೆ ದೊಡ್ಡ ಅಕ್ಷರದಲ್ಲಿ. ಒಬ್ಬರಿಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯ, ಇನ್ನೊಬ್ಬರಿಗೆ ಬರೆದುಕೊಡುವ ಸ್ಕ್ರೈಬ್. ಆಟಿಸಂ ಇರುವ ಮಗುವಿಗೆ ದಿನದ ಕೆಲಸಗಳ ಚಿತ್ರಪಟ್ಟಿ. ಕಣ್ಣು ಕಾಣದ ಮಗುವಿಗೆ ಕಂಪ್ಯೂಟರ್ ಇದ್ದರೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ, ಹಾಕಿಕೊಡಿ. ಅದು ಪೂರ್ತಿ ಉಚಿತ, ಕನ್ನಡವನ್ನೂ ಓದುತ್ತದೆ. ಉಪಕರಣ ಕೊಳ್ಳಲೇಬೇಕಾದರೆ ರಿಪೇರಿಗೂ ಸೇರಿಸಿ ಹಣ ತೆಗೆದಿಡಿ. ಹಿಯರಿಂಗ್ ಏಡ್ ದಾನ ಮಾಡುವವರು ಸಿಗುತ್ತಾರೆ, ಅದರ ಬ್ಯಾಟರಿಗೆ ಮತ್ತು ಕಿವಿ ಬೆಳೆದ ಹಾಗೆ ಬದಲಿಸಬೇಕಾದ, ಕಿವಿಯೊಳಗೆ ಕೂರುವ ಮೋಲ್ಡ್‌ಗೆ ಯಾರೂ ಸಿಗುವುದಿಲ್ಲ.

ಇನ್ನೊಂದು ಖರ್ಚು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ತರಗತಿಯ ಶಿಕ್ಷಕರೂ ವಿಶೇಷ ಶಿಕ್ಷಕರೂ ಒಟ್ಟಿಗೆ ಕೂತು ಮುಂದಿನ ವಾರದ ಪಾಠ ಯೋಚಿಸಲು ವಾರಕ್ಕೊಂದು ಪೀರಿಯಡ್. ಅದಕ್ಕೆ ಬದಲಿ ಶಿಕ್ಷಕರು ಬೇಕು, ಅಂದರೆ ಹಣ ಬೇಕು. ಈ ಒಂದು ಪೀರಿಯಡ್ ಇಲ್ಲದಿದ್ದರೆ ಎಂಥ ಒಳ್ಳೆಯ ಸ್ಪೆಷಲ್ ಎಜುಕೇಟರ್ ಬಂದರೂ ವೆರಾಂಡಾದಲ್ಲಿ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಪ್ರತ್ಯೇಕ ಟ್ಯೂಷನ್ ಹೇಳುವವರಾಗಿ ಉಳಿಯುತ್ತಾರೆ. ನನ್ನನ್ನು ಕೇಳಿದರೆ ಕೊಠಡಿಗಿಂತ ಮೊದಲು ಈ ಪೀರಿಯಡ್‌ಗೆ ಹಣ ಕೊಡಿ.

ದಾನದ ಹಣ ಬಂತು ಅಂತ ಕಾನೂನಿನ ಪ್ರಕಾರ ಬರಬೇಕಾದ್ದನ್ನು ಬಿಡಬೇಡಿ. ಯಾವ ದೇಶದಲ್ಲೂ ಸರ್ಕಾರದ ಮಾತಿಗೂ ಕೈಗೂ ನಡುವೆ ಅಂತರ ಇದ್ದೇ ಇದೆ. ಅಮೆರಿಕದ ಕೇಂದ್ರ ಸರ್ಕಾರ 1975ರ ಕಾನೂನಿನಲ್ಲಿ ಹೆಚ್ಚುವರಿ ಖರ್ಚಿಗೆಂದು ಒಂದು ಮಗುವಿನ ಸರಾಸರಿ ಶಿಕ್ಷಣ ವೆಚ್ಚದ ಶೇಕಡಾ 40ರವರೆಗೆ ಕೊಡುವ ಮಾತಾಡಿತ್ತು. ಇವತ್ತಿನವರೆಗೂ ಆ ಮಟ್ಟ ಮುಟ್ಟಿಲ್ಲ. ಭಾರತದಲ್ಲಿ 2018ರಲ್ಲಿ ಶುರುವಾದ ಸಮಗ್ರ ಶಿಕ್ಷಾ ಯೋಜನೆ ವಿಶೇಷ ಅಗತ್ಯದ ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗಿನ ಲೆಕ್ಕ ಇಟ್ಟುಕೊಂಡಿತು. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿ ಸ್ಟೈಪೆಂಡ್ ಬೇರೆ. ದೊಡ್ಡ ಮೊತ್ತವಲ್ಲ, ನಿಜ. ಆದರೆ ಸರ್ಕಾರದಿಂದ ಬರುವ ಉಪಕರಣ, ತಪಾಸಣೆ ಇವನ್ನು ನೀವು ದಾನದ ಹಣದಲ್ಲಿ ಕೊಂಡರೆ ಆ ಹಣ ಶಿಕ್ಷಕರ ಸಂಬಳಕ್ಕೆ ಸಿಗುವುದಿಲ್ಲ. 2006ರ ವಿಶ್ವಸಂಸ್ಥೆಯ ಒಪ್ಪಂದವೂ, ಅದಕ್ಕೆ ತಕ್ಕಂತೆ ಭಾರತ ಮಾಡಿದ 2016ರ ಕಾನೂನೂ ಮಗುವಿಗೆ ಬೇಕಾದ ಸಮಂಜಸ ಹೊಂದಾಣಿಕೆಯನ್ನು, ಅಂದರೆ ಸ್ಕ್ರೈಬ್, ಹೆಚ್ಚು ಸಮಯದಂಥ ಬದಲಾವಣೆಗಳನ್ನು, ಹಕ್ಕಿನ ಭಾಷೆಯಲ್ಲೇ ಹೇಳುತ್ತವೆ. ಸ್ಕ್ರೈಬ್ ಕೇಳಲು ಬಂದ ತಾಯಿಯನ್ನು ಉಪಕಾರ ಕೇಳಲು ಬಂದವರ ಹಾಗೆ ನಿಲ್ಲಿಸಿ ಮಾತಾಡಿಸುವ ಶಾಲೆಗಳಿಗೆ ಇದನ್ನು ಆಗಾಗ ನೆನಪಿಸಬೇಕಾಗುತ್ತದೆ. ನಿಮ್ಮದು ಹಾಗಿಲ್ಲ ಅಂದುಕೊಳ್ಳುತ್ತೇನೆ.

ಕೊನೆಗೆ ದಾನಿಯ ಹತ್ತಿರ ಕೇಳಬೇಕಾದ್ದು ಒಂದಿದೆ. ಒಂದೇ ಸಲ ಕೊಡುತ್ತಾರಾ, ಮೂರು ವರ್ಷ ಕೊಡುತ್ತಾರಾ? ಮೂರು ವರ್ಷ ಅಂದರೆ ಬರವಣಿಗೆಯಲ್ಲಿ ತಗೊಂಡು ಶಿಕ್ಷಕರನ್ನು ನೇಮಿಸಿ. ಮೂರನೇ ವರ್ಷಕ್ಕೆ ಸಂಬಳದ ಒಂದು ಭಾಗ ಶಾಲೆಯ ಬಜೆಟ್‌ಗೆ ಬರುವಂತೆ ಈಗಲೇ ಠರಾವು ಮಾಡಿ. ಒಂದೇ ಸಲ ಅಂದರೆ ನೇಮಕಾತಿಗೆ ಕೈ ಹಾಕಬೇಡಿ. ವರ್ಷ ಮುಗಿದ ಮೇಲೆ ಅವರನ್ನು ಕಳಿಸಿಬಿಟ್ಟರೆ, ಆಗಷ್ಟೇ ಒಗ್ಗಿಕೊಂಡ ಮಕ್ಕಳಿಗೆ ಮೊದಲಿಗಿಂತ ಜಾಸ್ತಿ ತೊಂದರೆ. ಅಂಥ ಹಣವನ್ನು ಈಗಿರುವ ಶಿಕ್ಷಕರಲ್ಲೇ ಆಸಕ್ತಿ ಇರುವ ಒಂದಿಬ್ಬರ ತರಬೇತಿಗೆ, ಮಕ್ಕಳ ಮೌಲ್ಯಮಾಪನಕ್ಕೆ, ರ‍್ಯಾಂಪ್ ಇಲ್ಲದಿದ್ದರೆ ರ‍್ಯಾಂಪ್‌ಗೆ ಹಾಕಿ. ತರಬೇತಿಗೆ ಕಳಿಸುವಾಗ ಇಬ್ಬರನ್ನು ಕಳಿಸಿ. ಒಬ್ಬರನ್ನೇ ಕಳಿಸಿದರೆ ಅವರಿಗೆ ವರ್ಗವಾದ ದಿನ ನಿಮ್ಮ ಕಾರ್ಯಕ್ರಮವೂ ಅವರ ಜೊತೆ ಹೋಗುತ್ತದೆ.