ಬೆಳಗಾವಿಯಿಂದ ಜರ್ಮನಿಯ ವಿಚಾರ ಸಂಕಿರಣಕ್ಕೆ ಹೋಗಲು ಯಾವ ವೀಸಾ ಬೇಕು?

ಮೂರು ದಿನ ಇದ್ದು ಪ್ರಬಂಧ ಮಂಡಿಸಿ ಬರುವುದಾದರೆ ಅಲ್ಪಾವಧಿಯ ಷೆಂಗೆನ್ ವೀಸಾ, ಅಂದರೆ ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ವೀಸಾ, ಸಾಕು. ವಿದ್ಯಾರ್ಥಿ ವೀಸಾ ಬೇಕಿಲ್ಲ. ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು; ಕನಿಷ್ಠ 15 ದಿನ ಮೊದಲಾದರೂ ಹಾಕಬೇಕು. ಆ ಗಡುವನ್ನು ನೆಚ್ಚಿ ಕೂರಬೇಡಿ. ಮೊದಲ ಬಾರಿಯಾದರೆ ಬೆರಳಚ್ಚು ಕೊಡಲು ಬೆಂಗಳೂರಿನಂತಹ ಊರಿನ ವೀಸಾ ಅರ್ಜಿ ಕೇಂದ್ರಕ್ಕೆ ಹೋಗಬೇಕು, ರಾತ್ರಿ ರೈಲಿನ ಟಿಕೆಟ್ಟಿಗಿಂತ ಅಲ್ಲಿಯ ಅಪಾಯಿಂಟ್‌ಮೆಂಟೇ ದುರ್ಲಭ.

ಆಹ್ವಾನ ಪತ್ರದಲ್ಲಿ ನಿಮ್ಮ ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಇರಲಿ. ನಮ್ಮ ಕಡೆ ಅಡ್ಡಹೆಸರು ಒಂದು ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ತೊಡಕು ಶುರುವಾಗುವುದೇ ಅಲ್ಲಿ. ಖರ್ಚು ಯಾರದೆಂಬ ದಾಖಲೆ, ವಿಶ್ವವಿದ್ಯಾಲಯದ ನಿರಾಕ್ಷೇಪಣಾ ಪತ್ರ, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ, ಅಲ್ಲಿಂದ ಹೊರಟ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಬೇಕು.

ವೀಸಾ ಇದ್ದರೂ ಗಡಿಯಲ್ಲಿ ಮತ್ತೆ ವಿಚಾರಿಸಬಹುದು. ಆಹ್ವಾನ ಪತ್ರ ಕೈಚೀಲದಲ್ಲಿಯೇ ಇರಲಿ.