ಮೂರು ಕೋಣೆಗಳಲ್ಲಿ ಒಂದೇ ಹಾಡು ಒಟ್ಟಿಗೆ ಕೇಳಲು ಯಾವ ಸ್ಪೀಕರ್ ತಗೊಳ್ಳಲಿ? ಹಾಲ್‌ನಲ್ಲಿ ಹಳೆಯ ಆಂಪ್ಲಿಫೈಯರ್ ಇದೆ.

ಸ್ಪೀಕರ್ ಯಾವುದು ಅನ್ನೋದು ಆಮೇಲೆ. ಮೂರೂ ಒಂದೇ ವ್ಯವಸ್ಥೆಗೆ ಸೇರುತ್ತವಾ ಅಂತ ಮೊದಲು ನೋಡಿ. ನಾನು ಉಲ್ಟಾ ಮಾಡಿದ್ದೆ. ದನಿ ಚೆನ್ನಾಗಿದೆ ಅಂತ ಒಂದೊಂದು ಕೋಣೆಗೆ ಒಂದೊಂದು ಕಂಪನಿಯದ್ದು ತಂದೆ. ಫೋನಿನಿಂದ ಅವುಗಳಲ್ಲಿ ಎರಡಕ್ಕೆ ಬ್ಲೂಟೂತ್ ಹಾಕಿ ಅಡುಗೆಮನೆ ಬಾಗಿಲಲ್ಲಿ ನಿಂತರೆ, ಹಾಡಿನ ಒಂದು ಚಪ್ಪಾಳೆ ಎರಡು ಸಲ ಕೇಳಿಸುತ್ತಿತ್ತು. ಹಾಲ್‌ನಿಂದ ಒಮ್ಮೆ, ಬೆನ್ನ ಹಿಂದಿನಿಂದ ಇನ್ನೊಮ್ಮೆ. ಐದು ನಿಮಿಷ ಕೇಳುವುದೂ ಕಷ್ಟವಾಯಿತು.

ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಒಂದು ಸ್ಪೀಕರ್ 100 ಮಿಲಿಸೆಕೆಂಡ್ ಹಿಂದೆ ಬಿದ್ದರೆ ಅದನ್ನು 34 ಮೀಟರ್ ದೂರ ಇಟ್ಟ ಹಾಗೆ. ಹಲವು ಕೋಣೆಗಳಿಗೆಂದೇ ಮಾಡಿದ, ವೈಫೈ ಮೇಲೆ ನಡೆಯುವ ವ್ಯವಸ್ಥೆಗಳಲ್ಲಿ ಈ ತೊಂದರೆ ಸಾಮಾನ್ಯವಾಗಿ ಇರುವುದಿಲ್ಲ. ಅವು ಹಾಡನ್ನು ಸ್ವಲ್ಪ ಮುಂಚೆಯೇ ತುಂಬಿಟ್ಟುಕೊಂಡು, ಗಡಿಯಾರ ಹೊಂದಿಸಿಕೊಂಡು, ಒಂದೇ ಕ್ಷಣಕ್ಕೆ ನುಡಿಸುತ್ತವೆ.

ಮನೆಯಲ್ಲಿ ಎಲ್ಲರದ್ದೂ ಐಫೋನ್ ಆದರೆ ಏರ್‌ಪ್ಲೇ 2 (ವೈಫೈ ಮೂಲಕ ಹಾಡು ಕಳಿಸುವ ಆಪಲ್‌ನ ವ್ಯವಸ್ಥೆ) ಇರುವ ಸ್ಪೀಕರ್ ಸಾಕು. 2018ರಲ್ಲಿ ಬಂದದ್ದು, ಬೇರೆ ಬೇರೆ ಕಂಪನಿಯವನ್ನೂ ಒಟ್ಟಿಗೆ ಸೇರಿಸಬಹುದು. ಆಂಡ್ರಾಯ್ಡ್ ಜಾಸ್ತಿ ಇದ್ದರೆ ಗೂಗಲ್‌ನ ಅಂಥದ್ದೇ ವ್ಯವಸ್ಥೆ ಗೂಗಲ್ ಕಾಸ್ಟ್ ನೋಡಿ. ಎರಡೂ ಥರದ ಫೋನ್ ಇದ್ದರೆ ಸೋನೋಸ್, ಬ್ಲೂಸೌಂಡ್‌ನಂಥ ಸ್ವಂತ ಆ್ಯಪ್ ಇರುವ ಒಂದೇ ಕಂಪನಿಗೆ ಅಂಟಿಕೊಳ್ಳುವುದು ನೆಮ್ಮದಿ. ಕೊಳ್ಳುವ ಮುಂಚೆ ಆ ಆ್ಯಪ್ ಇಳಿಸಿಕೊಂಡು ನೋಡಿ. ದಿನಾ ಕೈಗೆ ಸಿಗುವುದು ಅದೇ ಅಲ್ವಾ?

ಹಳೆಯ ಆಂಪ್ಲಿಫೈಯರ್ ದಯವಿಟ್ಟು ಬಿಸಾಡಬೇಡಿ! ನೀವು ಆರಿಸಿದ ವ್ಯವಸ್ಥೆಯದ್ದೇ ಒಂದು ಚಿಕ್ಕ ಸ್ಟ್ರೀಮರ್ ಡಬ್ಬಿ (ವೈಫೈಯಿಂದ ಹಾಡು ತಗೊಂಡು ಆಂಪ್ಲಿಫೈಯರ್‌ಗೆ ಕೊಡುವಂಥದ್ದು) ತಂದು ಆಂಪ್ಲಿಫೈಯರ್ ಹಿಂದಿನ ಆಕ್ಸ್ ತೂತಿಗೆ, ಅಂದರೆ ಹೊರಗಿನ ಸದ್ದು ಒಳಗೆ ಬರುವ ತೂತಿಗೆ, ಸಿಕ್ಕಿಸಿದರೆ ಆಯಿತು. ಅದೂ ಮಿಕ್ಕವುಗಳ ಜೊತೆ ಹಾಡುತ್ತದೆ. ನನ್ನ ಮನೆಯಲ್ಲಿ ಈಗಲೂ ಎಲ್ಲಕ್ಕಿಂತ ಚೆನ್ನಾಗಿ ಕೇಳಿಸುವುದು ಹಳೆಯ ಆಂಪ್ಲಿಫೈಯರ್ ಮತ್ತು ಅದರ ಸ್ಪೀಕರ್‌ಗಳ ಜೋಡಿಯೇ.

ಇನ್ನು ವೈಫೈ. ಹಾಡು ನಡುನಡುವೆ ನಿಂತರೆ ಸ್ಪೀಕರನ್ನು ಬೈಯುವ ಮೊದಲು ರೂಟರ್ ಎಲ್ಲಿದೆ ನೋಡಿ. ನಮ್ಮದು ಕಬ್ಬಿಣದ ಬೀರುವಿನ ಹಿಂದೆ ಇತ್ತು. ಮನೆಯ ನಡುವೆ, ಎತ್ತರಕ್ಕೆ ಇಟ್ಟ ಮೇಲೆ ಸರಿಹೋಯಿತು. ವೈಫೈಯ 5 ಗಿಗಾಹರ್ಟ್ಸ್ ಅಲೆ ಗೋಡೆ ದಾಟುವಾಗ ಬೇಗ ಸೊರಗುತ್ತದೆ, ದೂರದ ಕೋಣೆಗೆ 2.4 ಗಿಗಾಹರ್ಟ್ಸ್ ವಾಸಿ. ಗೋಡೆ ಒಡೆಯುವ ಕೆಲಸ ಹೇಗೂ ನಡೆಯುತ್ತಿದ್ದರೆ ರೂಟರಿನಿಂದ ಪ್ರತಿ ಕೋಣೆಗೂ ಒಂದು ಲ್ಯಾನ್ (ನೆಟ್‌ವರ್ಕ್) ವೈರ್ ಎಳೆಸಿಬಿಡಿ.

ಮೂರನ್ನೂ ಒಮ್ಮೆಗೇ ಕೊಳ್ಳಬೇಡಿ. ವಾಪಸ್ ತಗೊಳ್ಳುವ ಕಡೆ ಎರಡು ತನ್ನಿ. ಯಾರಾದರೂ ಮಾತಾಡುತ್ತಿರುವ ಕಾರ್ಯಕ್ರಮ ಹಾಕಿ, ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ ನಿಂತು ಕೇಳಿ. ಮಾತು ಒಂದೇ ಆಗಿ ಕೇಳಿಸಿದರೆ ಮೂರನೆಯದನ್ನು ತರಬಹುದು.