ಗಣಿತ ಬಿಡುವ ಮುಂಚೆ

ಮುಂದೆ ಏನು ಓದಬೇಕೋ ಗೊತ್ತಿಲ್ಲ, ಗಣಿತ ಬಿಟ್ಟು ಇತಿಹಾಸ ತಗೊಳ್ಳಲಾ ಅಂತ ಕೇಳಿದ್ದೀರಿ. ಇತಿಹಾಸ ಇಷ್ಟ ಇದ್ದರೆ ಖಂಡಿತ ತಗೊಳ್ಳಿ. ಆದರೆ ಸಾಧ್ಯವಾದರೆ ಗಣಿತವನ್ನೂ ಇಟ್ಟುಕೊಳ್ಳಿ. ಇತಿಹಾಸದ ಪುಸ್ತಕವನ್ನು ಯಾವಾಗ ಬೇಕಾದರೂ ಕೈಗೆತ್ತಿಕೊಳ್ಳಬಹುದು. ಗಣಿತ ಹಾಗಲ್ಲ, ನಡುವೆ ಎರಡು ಮೆಟ್ಟಿಲು ತಪ್ಪಿದರೆ ಮೂರನೆಯದು ಸಿಗುವುದಿಲ್ಲ. ಅದು ಎಂಜಿನಿಯರಿಂಗ್‌ಗೆ ಮಾತ್ರ ಅಂದುಕೊಳ್ಳಬೇಡಿ. ಅರ್ಥಶಾಸ್ತ್ರಕ್ಕೂ ಬೇಕು. ಮನಃಶಾಸ್ತ್ರ ಓದುವವರೂ ಸರಾಸರಿ, ಸಂಭವನೀಯತೆ ಅಂತ ಲೆಕ್ಕ ಹಾಕುತ್ತಾ ಕೂರುತ್ತಾರೆ! ನಾನು ಗಣಿತ ಬಿಟ್ಟವನು. ಆಮೇಲೆ ಅರ್ಥಶಾಸ್ತ್ರದ ಮೊದಲ ವಾರವೇ ಬೋರ್ಡ್ ತುಂಬಾ ಕ್ಯಾಲ್ಕುಲಸ್. ಪಕ್ಕದವನ ನೋಟ್ಸ್ ನೋಡಿ ಸುಮ್ನೆ ಗೀಚಿಕೊಂಡೆ.

ಇವತ್ತೇ ನಿಮಗೆ ಸ್ವಲ್ಪವಾದರೂ ಮನಸ್ಸಿರುವ ಮೂರು ಕೋರ್ಸ್ ಹೆಸರು ಬರೆದು, ಪ್ರವೇಶಕ್ಕೆ ಯಾವ ವಿಷಯ ಕಡ್ಡಾಯ ಅಂತ ನೋಡಿ. ಮೂರರಲ್ಲೂ ಬರುವ ವಿಷಯವನ್ನು ಮೊದಲು ಆರಿಸಿ.